ಎರಡು ಕೇಬಲ್ ಹಾಕಿದರೆ ಮುಗೀತಾ? ಟೇಪ್ ಲೈಬ್ರರಿಯಲ್ಲಿ ದಾರಿ ಬದಲಿಸುವ ಕಷ್ಟ

ಲೈಬ್ರರಿಯೊಳಗೆ ಇದ್ದದ್ದು ನಾಲ್ಕು ಡ್ರೈವ್. ಸರ್ವರ್ ತೋರಿಸಿದ್ದು ಎಂಟು.

ಹಾಸನದ ಒಂದು ಸಂಸ್ಥೆಯ ಸರ್ವರ್ ರೂಮಿನಲ್ಲಿ ಹೊಸ ಟೇಪ್ ಲೈಬ್ರರಿ ಕೂರಿಸಿದ ವಾರ ಅದು. ಟೇಪ್ ಲೈಬ್ರರಿ ಅಂದರೆ ಟೇಪ್‌ಗಳನ್ನು ಗೂಡುಗಳಲ್ಲಿ ಇಟ್ಟು, ಬೇಕಾದಾಗ ರೋಬೋಟ್ ಕೈಯಿಂದ ತೆಗೆದು ಡ್ರೈವ್‌ಗೆ ಹಾಕುವ ಪೆಟ್ಟಿಗೆ. ಟೇಪಿನ ಮೇಲೆ ಬರೆಯುವುದು, ಓದುವುದು ಡ್ರೈವ್ ಕೆಲಸ. ಮೂರು ದಿನದಿಂದ ರಾತ್ರಿಯ ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತಿತ್ತು. ಪರದೆ ಮುಂದೆ ಕೂತಿದ್ದ ಹುಡುಗ ನನ್ನ ಕಡೆ ತಿರುಗಿ, "ಅಣ್ಣ, ಡ್ರೈವ್ ನಾಲ್ಕೇ ಅಲ್ವಾ ಇರೋದು? ಇಲ್ಲಿ ಎಂಟು ತೋರಿಸ್ತಿದೆ ನೋಡಿ" ಅಂದ. "ಸೀರಿಯಲ್ ನಂಬರ್ ಒಂದೊಂದೇ ಓದು" ಅಂದೆ. ಅವನು ಓದುತ್ತಾ ಹೋದ, ನಾನು ಹಾಳೆಯ ಮೇಲೆ ಬರೆದುಕೊಳ್ಳುತ್ತಾ ಹೋದೆ. ಐದನೆಯದಕ್ಕೆ ಬಂದಾಗ ಮೊದಲನೆಯದರ ನಂಬರೇ ಮತ್ತೆ ಬಂತು. ಆರನೆಯದು ಎರಡನೆಯದರ ನಂಬರ್. ಕೊನೆಗೆ ನೋಡಿದರೆ ನಾಲ್ಕೂ ಎರಡೆರಡು ಸಲ ಬಂದಿದ್ದವು.

ಪ್ರತಿ ಡ್ರೈವ್‌ಗೂ ಎರಡು ಫೈಬರ್ ಕೇಬಲ್ ಹಾಕಿದ್ದರು. ಒಂದು ಹೋದರೆ ಇನ್ನೊಂದು ಇರಲಿ ಅಂತ. ಆದರೆ ಆ ಎರಡೂ ಒಂದೇ ಡ್ರೈವ್‌ಗೆ ಹೋಗುತ್ತವೆ ಎಂದು ಸರ್ವರ್‌ಗೆ ಯಾರೂ ಹೇಳಿರಲಿಲ್ಲ. ಅದು ಎರಡು ದಾರಿಯನ್ನು ಎರಡು ಡ್ರೈವ್ ಎಂದು ಎಣಿಸಿತ್ತು. ಬ್ಯಾಕಪ್ ಸಾಫ್ಟ್‌ವೇರ್ ಅದನ್ನೇ ನಂಬಿ ಎಂಟು ಕೆಲಸ ಹಂಚುತ್ತಿತ್ತು. ಒಂದು ಕೆಲಸ ಮುಂಬಾಗಿಲಿಂದ ಡ್ರೈವ್ ಹಿಡಿದು ಬರೆಯುತ್ತಿರುವಾಗ ಇನ್ನೊಂದು ಅದೇ ಡ್ರೈವ್‌ನ ಹಿಂಬಾಗಿಲು ತಟ್ಟುತ್ತಿತ್ತು. ಡ್ರೈವ್ ಅದನ್ನು ವಾಪಸ್ ಕಳಿಸುತ್ತಿತ್ತು. ಅದಕ್ಕೇ ರಾತ್ರಿಯಿಡೀ ಎರರ್.

ಎರಡು ಪೋರ್ಟಿನ ಡ್ರೈವ್, ಕೇಬಲ್‌ಗಳನ್ನು ಸೇರಿಸುವ ಎರಡು ಸ್ವಿಚ್, ಉದ್ದುದ್ದ ಕೇಬಲ್, ಎಲ್ಲಕ್ಕೂ ದುಡ್ಡು ಖರ್ಚಾಗಿತ್ತು. ರಕ್ಷಣೆ ಮಾತ್ರ ಬಂದಿರಲಿಲ್ಲ. ಕಾಪಾಡಲಿ ಅಂತ ಹಾಕಿದ ಎರಡನೇ ಕೇಬಲ್ಲೇ ಕೆಲಸ ಕೆಡಿಸುತ್ತಿತ್ತು. ಇದು ಒಂದೇ ಕಡೆಯ ಕತೆ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಇದೇ ತಪ್ಪನ್ನು ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ರೂಪದಲ್ಲಿ ನೋಡಿದ್ದೇನೆ.

ಟೇಪ್ ಇನ್ನೂ ಇದೆಯಾ ಅಂತ ತುಂಬಾ ಜನ ಕೇಳುತ್ತಾರೆ. ಇದೆ, ಮತ್ತು ಅದರ ಅಗತ್ಯ ಈಗ ಹೆಚ್ಚಾಗಿದೆ. ಐಬಿಎಂ 1952ರಲ್ಲಿ ತನ್ನ ಮೊದಲ ಟೇಪ್ ಯಂತ್ರ ತಂದಿತು. ಇವತ್ತು ಬಹುತೇಕ ಕಡೆ ಬಳಸುವ ಎಲ್‌ಟಿಒ ಟೇಪ್ 2000ದಲ್ಲಿ ಬಂದಾಗ ಒಂದು ಕಾರ್ಟ್ರಿಜ್‌ನಲ್ಲಿ 100 ಜಿಬಿ ಹಿಡಿಯುತ್ತಿತ್ತು. 2021ರಲ್ಲಿ ಬಂದ ಎಲ್‌ಟಿಒ-9ರಲ್ಲಿ 18 ಟಿಬಿ ಹಿಡಿಯುತ್ತದೆ. ಅಂಗೈಯಲ್ಲಿ ಕೂರುವ ಡಬ್ಬಿ. ಒಳಗೆ ಅರ್ಧ ಇಂಚು ಅಗಲದ, ಒಂದು ಕಿಲೋಮೀಟರಿಗೂ ಜಾಸ್ತಿ ಉದ್ದದ ಪಟ್ಟಿ. ಗೂಡಿನಲ್ಲಿ ಸುಮ್ನೆ ಕೂತಿರುವಾಗ ಕರೆಂಟ್ ಬೇಡ, ಯಾವ ತಂತಿಗೂ ಸೇರಿರುವುದಿಲ್ಲ.

2011ರ ಫೆಬ್ರವರಿಯಲ್ಲಿ ಸಾಫ್ಟ್‌ವೇರ್ ದೋಷದಿಂದ ಜಿಮೇಲ್‌ನ ಒಂದಷ್ಟು ಜನರ ಮೇಲ್ ಪೂರಾ ಅಳಿಸಿಹೋಗಿತ್ತು. ಬಳಕೆದಾರರಲ್ಲಿ ಶೇ 0.02ರಷ್ಟು ಎಂದು ಗೂಗಲ್ ಹೇಳಿತ್ತು. ಬೇರೆ ಬೇರೆ ಡೇಟಾ ಸೆಂಟರಿನಲ್ಲಿದ್ದ ಪ್ರತಿಗಳೂ ಕೆಟ್ಟಿದ್ದವು. ಮೇಲ್ ವಾಪಸ್ ಬಂದದ್ದು ಟೇಪಿನಿಂದ. ಇದಕ್ಕೆ ಉಲ್ಟಾ ಆದದ್ದು 2025ರ ಸೆಪ್ಟೆಂಬರಿನಲ್ಲಿ, ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ. ಅಲ್ಲಿನ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್ ಸುಟ್ಟುಹೋಯಿತು. 858 ಟಿಬಿ. ಅಷ್ಟು ದೊಡ್ಡದಕ್ಕೆ ಬ್ಯಾಕಪ್ ಮಾಡುವುದು ಕಷ್ಟ ಅಂತ ಹೊರಗೆ ಪ್ರತಿ ಇಟ್ಟಿರಲಿಲ್ಲ. ಲೆಕ್ಕ ಹಾಕಿ ನೋಡಿದೆ. 18 ಟಿಬಿಯ ಟೇಪಿನಲ್ಲಿ 48 ಕಾರ್ಟ್ರಿಜ್ ಸಾಕಿತ್ತು. ಒಂದು ಸಣ್ಣ ಲೈಬ್ರರಿಯ ಗೂಡುಗಳಿಗೆ ಸಾಕಾಗುವಷ್ಟು. ಆ ಸುದ್ದಿ ಓದಿದ ದಿನ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ.

ಹಣ ಸುಲಿಯುವ ರಾನ್ಸಮ್‌ವೇರ್ ಕಾಟ ಬೇರೆ ಇದೆ. ಹಾಗಾಗಿ ಈಗ ಸಣ್ಣ ಊರಿನ ಸಂಸ್ಥೆಗಳೂ ಟೇಪ್ ಲೈಬ್ರರಿ ಕೊಳ್ಳುತ್ತಿವೆ. ಟೆಂಡರಿನಲ್ಲಿ 'ಎರಡು ಪೋರ್ಟ್ ಇರಬೇಕು' ಎಂದು ಒಂದು ಸಾಲು ಬರೆದಿರುತ್ತಾರೆ. ಒಂದು ದಾರಿ ಕಡಿದಾಗ ಇನ್ನೊಂದಕ್ಕೆ ಹೊರಳುವ ಕೆಲಸ ಯಾರದ್ದು ಎಂಬ ಸಾಲು ಇರುವುದಿಲ್ಲ. ನನ್ನ ಪ್ರಕಾರ ಇಡೀ ಸಮಸ್ಯೆ ಶುರುವಾಗುವುದು ಅಲ್ಲಿಂದಲೇ.

ಡಿಸ್ಕ್ ವಿಷಯದಲ್ಲಿ ಈ ಹೊರಳಾಟ ಸುಲಭ. ಡಿಸ್ಕಿಗೆ ಕಳಿಸುವ ಪ್ರತಿ ಮಾತಿನಲ್ಲೂ ವಿಳಾಸ ಇರುತ್ತದೆ. 'ಇಂಥ ಜಾಗದಲ್ಲಿ ಇದನ್ನು ಬರೆ.' ಬರೆದೆ ಎಂಬ ಉತ್ತರ ಬರುವ ಮೊದಲೇ ಕೇಬಲ್ ಕಿತ್ತುಹೋದರೆ ಇನ್ನೊಂದು ದಾರಿಯಲ್ಲಿ ಅದೇ ಮಾತನ್ನು ಮತ್ತೆ ಕಳಿಸಬಹುದು. ಎರಡು ಸಲ ಬರೆದರೂ ಅದೇ ಜಾಗ, ಅದೇ ಮಾಹಿತಿ. ನಷ್ಟ ಇಲ್ಲ. ಅದಕ್ಕೇ ಲಿನಕ್ಸ್‌ನಲ್ಲಿ ಹಲವು ದಾರಿಗಳನ್ನು ನೋಡಿಕೊಳ್ಳುವ ಮಲ್ಟಿಪಾತ್ ಸಾಫ್ಟ್‌ವೇರ್ ಡಿಸ್ಕಿನ ವಿಷಯದಲ್ಲಿ ಇಷ್ಟು ನಿರಾತಂಕವಾಗಿ ಕೆಲಸ ಮಾಡುತ್ತದೆ. ಒಂದು ದಾರಿಯಲ್ಲಿ ಸ್ವಲ್ಪ, ಇನ್ನೊಂದರಲ್ಲಿ ಸ್ವಲ್ಪ ಅಂತ ಸರದಿಯಲ್ಲೂ ಕಳಿಸುತ್ತದೆ.

ಟೇಪಿಗೆ ಕಳಿಸುವ ಮಾತಿನಲ್ಲಿ ವಿಳಾಸ ಇಲ್ಲ. 'ಈಗ ಎಲ್ಲಿ ನಿಂತಿದ್ದೀಯೋ ಅಲ್ಲಿ ಬರೆ, ಮುಂದೆ ಹೋಗು' ಅಷ್ಟೇ.

ನಮ್ಮ ತಾತ ಕಣದಲ್ಲಿ ರಾಗಿ ಅಳೆಯುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಮೊದಲ ಕೊಳಗಕ್ಕೆ ಒಂದು ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. ಸುರಿದ ಕೊಳಗಕ್ಕೆಲ್ಲ ಅಜ್ಜಿ ಪಕ್ಕದಲ್ಲಿ ಒಂದೊಂದು ಕಲ್ಲು ಇಡುತ್ತಿದ್ದರು. ಮಧ್ಯೆ ಯಾರಾದರೂ ಕೂಗಿ ಮಾತಾಡಿಸಿದರೆ ತಾತನಿಗೆ ಎಣಿಕೆ ತಪ್ಪುತ್ತಿತ್ತು. ಹದಿನೇಳನೆಯದು ಸುರಿದೆನೋ, ಇನ್ನೂ ಸುರಿಯಬೇಕೋ? ಆಗ ಅವರು ಅಂದಾಜಿನ ಮೇಲೆ ಇನ್ನೊಂದು ಕೊಳಗ ಸುರಿಯುತ್ತಿರಲಿಲ್ಲ. ಕೈ ನಿಲ್ಲಿಸಿ, ಕಲ್ಲು ಎಣಿಸಿ, ಆಮೇಲೆ ಮುಂದುವರಿಸುತ್ತಿದ್ದರು. ರಾಶಿಗೆ ಸುರಿದ ರಾಗಿಯನ್ನು ವಾಪಸ್ ತೆಗೆಯುವುದು ಹೇಗೆ?

ಟೇಪ್ ಬರೆಯುವಾಗ ಕೇಬಲ್ ಕಡಿದರೆ ಸರ್ವರ್ ಸ್ಥಿತಿ ಥೇಟ್ ಇದೇ. ಕಳಿಸಿದ ಬ್ಲಾಕ್, ಅಂದರೆ ಮಾಹಿತಿಯ ಒಂದು ತುಂಡು, ಡ್ರೈವ್‌ಗೆ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ಮುಟ್ಟಿಯೂ ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಆಗ ಮತ್ತೆ ಕಳಿಸಿದರೆ ಅದೇ ಬ್ಲಾಕ್ ಟೇಪಿನ ಮೇಲೆ ಎರಡು ಸಲ ಕೂರುತ್ತದೆ. ಮುಟ್ಟಿಲ್ಲದಿದ್ದಾಗ ಮುಟ್ಟಿದೆ ಅಂದುಕೊಂಡು ಮುಂದೆ ಹೋದರೆ ಮಧ್ಯದಲ್ಲಿ ಒಂದು ಬ್ಲಾಕ್ ಇಲ್ಲ. ಎರಡೂ ಅಪಾಯವೇ. ಆ ಹೊತ್ತಿಗೆ ಯಾವ ಎರರ್ ಕೂಡ ಕಾಣುವುದಿಲ್ಲ. ಗೊತ್ತಾಗುವುದು ಮುಂದೊಂದು ದಿನ ಕಡತ ವಾಪಸ್ ತೆಗೆಯುವಾಗ. ಓದುವಾಗಲೂ ಇದೇ ಕತೆ. ಡ್ರೈವ್ ಒಂದು ಬ್ಲಾಕ್ ಓದಿ ಕಳಿಸಿರುತ್ತದೆ, ಅದು ದಾರಿಯಲ್ಲಿ ಕಳೆದಿರುತ್ತದೆ, ಟೇಪ್ ಮಾತ್ರ ಮುಂದಕ್ಕೆ ಸರಿದಿರುತ್ತದೆ.

ಹಾಗಾಗಿ ಟೇಪಿಗೆ ಬೇಕಾದ ಫೇಲ್‌ಓವರ್, ಅಂದರೆ ಕಡಿದ ದಾರಿಯಿಂದ ಇನ್ನೊಂದಕ್ಕೆ ಹೊರಳುವುದು, ಬೇರೆ ಥರ. ಟೇಪ್‌ಗಾಗಿಯೇ ಬರೆದ ಡ್ರೈವರ್, ಅಂದರೆ ಸರ್ವರ್ ಡ್ರೈವ್ ಜೊತೆ ಮಾತಾಡಲು ಬಳಸುವ ಸಾಫ್ಟ್‌ವೇರ್, ಬೇಕು. ಅದು ಎಷ್ಟು ಬ್ಲಾಕ್ ಕಳಿಸಿದೆ ಎಂಬ ಲೆಕ್ಕವನ್ನು ತಾನೂ ಇಟ್ಟುಕೊಳ್ಳುತ್ತದೆ. ದಾರಿ ಕಡಿದ ತಕ್ಷಣ ಎರಡನೇ ದಾರಿಯಲ್ಲಿ ಹೋಗಿ ಡ್ರೈವ್‌ಗೆ ಮೊದಲು ಕೇಳುವ ಪ್ರಶ್ನೆ, 'ಈಗ ಎಲ್ಲಿ ನಿಂತಿದ್ದೀಯ?' ರೀಡ್ ಪೊಸಿಷನ್ ಎಂಬ ಕಮಾಂಡ್ ಇರುವುದು ಇದಕ್ಕೇ. ಅಜ್ಜಿ ಇಟ್ಟ ಕಲ್ಲು ಎಣಿಸುವ ಕೆಲಸ. ಡ್ರೈವ್ ಹೇಳಿದ ಸಂಖ್ಯೆ ತನ್ನ ಲೆಕ್ಕಕ್ಕಿಂತ ಒಂದು ಕಡಿಮೆ ಇದ್ದರೆ ಕೊನೆಯ ಬ್ಲಾಕ್ ಮುಟ್ಟಿಲ್ಲ ಅಂತ ಅರ್ಥ, ಮತ್ತೆ ಕಳಿಸುತ್ತದೆ. ಲೆಕ್ಕ ಸರಿಯಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಓದುತ್ತಿದ್ದರೆ ಲೊಕೇಟ್ ಕಮಾಂಡ್ ಕೊಟ್ಟು ಟೇಪನ್ನು ಒಂದು ಬ್ಲಾಕ್ ಹಿಂದಕ್ಕೆ ತಂದು ಮತ್ತೆ ಓದಿಸುತ್ತದೆ. ಇದೆಲ್ಲ ಕೆಳಗೆ ನಡೆಯುತ್ತಿರುವಾಗ ಮೇಲಿನ ಬ್ಯಾಕಪ್ ಸಾಫ್ಟ್‌ವೇರ್‌ಗೆ ಒಂದಷ್ಟು ಹೊತ್ತು ಕಾದಂತೆ ಅನಿಸುತ್ತದೆ, ಅಷ್ಟೇ.

ಇನ್ನೊಂದು ತೊಡಕು ಬೀಗದ್ದು. ಬರೆಯುವಾಗ ಬೇರೆ ಯಾರೂ ಡ್ರೈವ್ ಮುಟ್ಟಬಾರದು ಅಂತ ಬ್ಯಾಕಪ್ ಸಾಫ್ಟ್‌ವೇರ್ ಅದನ್ನು ರಿಸರ್ವ್ ಮಾಡಿಕೊಳ್ಳುತ್ತದೆ. ಇದು ಬೇಕೇ ಬೇಕು. ಒಬ್ಬರು ಬರೆಯುತ್ತಿರುವಾಗ ಬೇರೆ ಕಡೆಯಿಂದ ಒಂದು ರಿವೈಂಡ್ ಬಂದರೆ ಟೇಪ್ ಮೊದಲಿಗೆ ಸುತ್ತಿಕೊಳ್ಳುತ್ತದೆ, ಮುಂದಿನ ಬ್ಲಾಕ್ ಹಳೆಯ ಮಾಹಿತಿಯ ಮೇಲೆ ಬೀಳುತ್ತದೆ. ಆದರೆ ಹಳೆಯ ಥರದ ರಿಸರ್ವೇಶನ್ ಆ ಒಂದು ದಾರಿಗೆ ಅಂಟಿಕೊಂಡಿರುತ್ತದೆ. ದಾರಿ ಸತ್ತ ಮೇಲೆ ಅದೇ ಸರ್ವರ್ ಇನ್ನೊಂದು ದಾರಿಯಿಂದ ಬಂದರೂ ಡ್ರೈವ್‌ಗೆ ಅದು ಅಪರಿಚಿತ. ರಿಸರ್ವೇಶನ್ ಕಾನ್‌ಫ್ಲಿಕ್ಟ್ ಎಂದು ಹೊರಗೇ ನಿಲ್ಲಿಸುತ್ತದೆ. ಮನೆ ಯಜಮಾನನೇ ಹಿತ್ತಲಿಂದ ಬಂದರೆ ನಾಯಿ ಬೊಗಳಿದ ಹಾಗೆ. ಅದಕ್ಕೇ ಈಗ ಪರ್ಸಿಸ್ಟೆಂಟ್ ರಿಸರ್ವೇಶನ್ ಬಳಸುತ್ತಾರೆ. ಅದರಲ್ಲಿ ಒಂದು ಕೀ ಇರುತ್ತದೆ. ಎರಡೂ ದಾರಿಯಲ್ಲಿ ಅದೇ ಕೀ ನೋಂದಾಯಿಸಿದರೆ ಯಾವ ಕಡೆಯಿಂದ ಬಂದರೂ ಡ್ರೈವ್ ಗುರುತಿಸುತ್ತದೆ.

ಲಿನಕ್ಸ್ ಜೊತೆಗೇ ಬರುವ ಸಾಮಾನ್ಯ ಟೇಪ್ ಡ್ರೈವರ್ ಈ ದಾರಿ ಬದಲಿಸುವ ಕೆಲಸ ಮಾಡುವುದಿಲ್ಲ. ಡಿಸ್ಕಿನ ಮಲ್ಟಿಪಾತ್ ಕೂಡ ಟೇಪನ್ನು ಮುಟ್ಟುವುದಿಲ್ಲ. ಮಧ್ಯದಲ್ಲಿ ರೀಸೆಟ್ ಆಗಿ ಟೇಪ್ ಎಲ್ಲಿದೆ ಎಂದು ಗೊತ್ತಿಲ್ಲದಾದರೆ ಆ ಸಾಮಾನ್ಯ ಡ್ರೈವರ್ ಎರರ್ ಕೊಟ್ಟು ಬರೆಯುವುದನ್ನೇ ನಿಲ್ಲಿಸುತ್ತದೆ. ಅಂದಾಜಿನ ಮೇಲೆ ಬರೆಯದೆ ನಿಲ್ಲುವುದು ಸರಿಯಾದ ನಡವಳಿಕೆಯೇ. ಆದರೆ ಆ ರಾತ್ರಿಯ ಬ್ಯಾಕಪ್ ಹೋಯಿತು. ಡ್ರೈವ್ ತಯಾರಿಸುವ ಕಂಪನಿಗಳು ಕೊಡುವ ಡ್ರೈವರ್‌ನಲ್ಲಿ ಫೇಲ್‌ಓವರ್ ಇರುತ್ತದೆ. ಐಬಿಎಂನ ಲಿನಕ್ಸ್ ಡ್ರೈವರ್ ಲಿನ್‌ಟೇಪ್‌ನಲ್ಲಿ ಆಲ್ಟರ್ನೇಟ್ ಪಾತಿಂಗ್ ಎಂಬ ಆಯ್ಕೆ ಇದೆ. ಅದು ತಾನಾಗಿ ಆನ್ ಇರುವುದಿಲ್ಲ, ನಾವೇ 1 ಎಂದು ಬರೆದು ಆನ್ ಮಾಡಬೇಕು. ಕೆಲವು ಲೈಬ್ರರಿಗಳಲ್ಲಿ ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಕೂಡ ಕೊಳ್ಳಬೇಕು. ಟೆಂಡರಿನಲ್ಲಿ ಇದನ್ನು ಬರೆಯದಿದ್ದರೆ ಮಾರುವವರು ತಾವಾಗಿ ಸೇರಿಸುವುದು ಕಡಿಮೆ. ಡ್ರೈವ್ ಆರಿಸುವಾಗಲೂ ನೋಡಬೇಕು. ಫುಲ್ ಹೈಟ್ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಎರಡು ಫೈಬರ್ ಪೋರ್ಟ್ ಇರುತ್ತವೆ. ಅಗ್ಗದ ಹಾಫ್ ಹೈಟ್‌ನಲ್ಲಿ ಸಾಮಾನ್ಯವಾಗಿ ಒಂದೇ.

ಇಷ್ಟು ಹೊತ್ತು ಮಾತಾಡಿದ್ದು ಮಾಹಿತಿ ಹೋಗುವ ದಾರಿ. ರೋಬೋಟ್‌ನ ದಾರಿ ಬೇರೆ, ಅದನ್ನು ಇನ್ನೂ ಜಾಸ್ತಿ ಮರೆಯುತ್ತಾರೆ.

ಲೈಬ್ರರಿಯೊಳಗೆ ಗೂಡಿನಿಂದ ಟೇಪ್ ತೆಗೆದು ಡ್ರೈವ್‌ಗೆ ಹಾಕುವ ಕೈ ಇದೆಯಲ್ಲ, ಅನೇಕ ಲೈಬ್ರರಿಗಳಲ್ಲಿ ಅದಕ್ಕೆ ಸ್ವಂತ ಫೈಬರ್ ಪೋರ್ಟ್ ಇರುವುದಿಲ್ಲ. ಅದು ಯಾವುದೋ ಒಂದು ಡ್ರೈವ್‌ನ ಬೆನ್ನ ಮೇಲೆ ಸವಾರಿ ಮಾಡುತ್ತದೆ. ಒಂದೇ ಪೋರ್ಟಿನ ಹಿಂದಿರುವ ಸಾಧನಗಳಿಗೆ ಕೊಡುವ ನಂಬರಿಗೆ ಲನ್ ಅನ್ನುತ್ತಾರೆ. ಆ ಡ್ರೈವ್ ಸೊನ್ನೆ ನಂಬರಿನ ಲನ್, ರೋಬೋಟ್ ಒಂದನೇ ನಂಬರಿನ ಲನ್. ಸರ್ವರ್ ರೋಬೋಟ್‌ಗೆ ಹೇಳುವ ಮಾತೆಲ್ಲ ಆ ಡ್ರೈವ್ ಮೂಲಕವೇ. ಈಗ ಆ ಡ್ರೈವ್ ಕೆಟ್ಟಿತು ಅಂದುಕೊಳ್ಳಿ. ಉಳಿದ ಮೂರು ಡ್ರೈವ್ ಗಟ್ಟಿಮುಟ್ಟಾಗಿವೆ, ಟೇಪ್ ಎಲ್ಲ ಇವೆ, ರೋಬೋಟ್ ಕೂಡ ಸರಿಯಿದೆ. ಅದಕ್ಕೆ ಹೇಳುವವರಿಲ್ಲ. ಇಡೀ ಲೈಬ್ರರಿ ನಿಂತಿತು. ರಿಪೇರಿಗೆ ಬಂದವರು ಯಾವ ಡ್ರೈವ್ ಅಂತ ನೋಡದೆ ಅದನ್ನೇ ಹೊರಗೆಳೆದರೂ ಇದೇ ಗತಿ.

ಪರಿಹಾರ ಸುಲಭ. ಇನ್ನೊಂದು ಡ್ರೈವ್‌ನಲ್ಲೂ ರೋಬೋಟ್‌ನ ದಾರಿ ತೆರೆಯಬೇಕು, ಅದು ಬೇರೆ ಸ್ವಿಚ್‌ನಲ್ಲಿರುವ ಡ್ರೈವ್ ಆಗಿರಬೇಕು. ಇದನ್ನು ಕಂಟ್ರೋಲ್ ಪಾತ್ ಫೇಲ್‌ಓವರ್ ಅನ್ನುತ್ತಾರೆ. ಇಲ್ಲೂ ಎಣಿಕೆಯ ಸಮಸ್ಯೆ ಬಿಡುವುದಿಲ್ಲ. 'ಹನ್ನೆರಡನೇ ಗೂಡಿನ ಟೇಪನ್ನು ಎರಡನೇ ಡ್ರೈವ್‌ಗೆ ಹಾಕು' ಅಂದ ಮೇಲೆ ದಾರಿ ಕಡಿದರೆ, ಕೈ ಆ ಕೆಲಸ ಮುಗಿಸಿರಬಹುದು. ಮತ್ತೆ ಅದೇ ಮಾತು ಹೇಳಿದರೆ ಗೂಡು ಖಾಲಿ ಎಂಬ ಎರರ್ ಬರುತ್ತದೆ. ಒಳ್ಳೆಯ ಡ್ರೈವರ್ ಮೊದಲು ಯಾವ ಟೇಪ್ ಎಲ್ಲಿದೆ ಎಂದು ಕೇಳಿ, ನೋಡಿಕೊಂಡು, ಆಮೇಲೆ ಮುಂದುವರಿಯುತ್ತದೆ.

ಡ್ರೈವೇ ಸತ್ತರೆ ಇದ್ಯಾವುದೂ ಕಾಪಾಡುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಟೇಪ್ ಅದರೊಳಗೇ ಇರುತ್ತದೆ. ದಾರಿ ಬದಲಿಸುವುದು ಬೇರೆ, ಡ್ರೈವ್ ಬದಲಿಸುವುದು ಬೇರೆ. ಎರಡನೆಯದಕ್ಕೆ ಬ್ಯಾಕಪ್ ಸಾಫ್ಟ್‌ವೇರ್ ಆ ಕೆಲಸವನ್ನೇ ಬೇರೆ ಡ್ರೈವ್‌ನಲ್ಲಿ ಮತ್ತೆ ಶುರು ಮಾಡಬೇಕು.

ಈಗ ನಮ್ಮ ಊರಿನ ಮಳೆಗಾಲಕ್ಕೆ ಬರುತ್ತೇನೆ. ಹಾಸನದವರಿಗೆ ಬದಲಿ ದಾರಿ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಶಿರಾಡಿ ಬಂದ್ ಆದರೆ ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ. 2018ರ ಆಗಸ್ಟಿನಲ್ಲಿ ಶಿರಾಡಿ ಕುಸಿದಾಗ ಚಾರ್ಮಾಡಿ ಕಾಪಾಡಿತು. ಮುಂದಿನ ವರ್ಷ ಆಗಸ್ಟಿನಲ್ಲಿ ಚಾರ್ಮಾಡಿಯೇ ಕುಸಿಯಿತು. 2024ರ ಜುಲೈಯಲ್ಲಿ ಸಕಲೇಶಪುರದ ಹತ್ತಿರ ಹೆದ್ದಾರಿ ಮೇಲೆ ಗುಡ್ಡ ಜಾರಿತು. ಅದೇ ತಿಂಗಳು ಕಡಗರವಳ್ಳಿ, ಯಡಕುಮರಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಜಾರಿತು. ರಸ್ತೆ ಒಂದು ದಾರಿ, ರೈಲು ಇನ್ನೊಂದು ದಾರಿ. ಆದರೆ ಗುಡ್ಡ ಒಂದೇ ಸಾಲಿನದ್ದು, ಮಳೆ ಒಂದೇ.

ಸರ್ವರ್ ರೂಮಿನಲ್ಲಿ ನಾನು ಹುಡುಕುವುದು ಆ ಒಂದೇ ಮಳೆಯನ್ನು. ಎರಡು ಕೇಬಲ್ ಇವೆ, ಎರಡೂ ಸರ್ವರ್‌ನೊಳಗಿನ ಒಂದೇ ಎಚ್‌ಬಿಎ (ಫೈಬರ್ ಸಿಕ್ಕಿಸುವ) ಕಾರ್ಡಿನ ಎರಡು ಪೋರ್ಟಿಗೆ ಹೋಗಿವೆ. ಕಾರ್ಡ್ ಸುಟ್ಟರೆ ಎರಡೂ ಹೋದವು. ಎರಡು ಸ್ವಿಚ್ ಇವೆ, ಎರಡೂ ಒಂದೇ ಯುಪಿಎಸ್‌ಗೆ ಸೇರಿವೆ. ಎರಡು ಫೈಬರ್ ಇವೆ, ಗೋಡೆಯೊಳಗೆ ಒಂದೇ ಪೈಪಿನಲ್ಲಿ ಹೋಗಿವೆ. ಇಲಿ ಕಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಕಾಗದದ ಮೇಲೆ ಎರಡು ಗೆರೆ ಎಳೆದು ಚಿತ್ರ ತೋರಿಸುವುದು ಸುಲಭ. ನಾನು ಕೇಬಲ್ ಹಿಡಿದುಕೊಂಡು ಈ ತುದಿಯಿಂದ ಆ ತುದಿವರೆಗೆ ಕೈಯಲ್ಲೇ ನೇವರಿಸಿಕೊಂಡು ಹೋಗುತ್ತೇನೆ. ಅಷ್ಟು ಮಾಡಿದರೆ ಮಾತ್ರ ಸತ್ಯ ಗೊತ್ತಾಗುವುದು.

ಈ ಕೆಲಸವನ್ನು ಸರಿಯಾಗಿ ಮಾಡಿದವರು ನಮ್ಮ ಊರಲ್ಲೇ ಇದ್ದಾರೆ. ಸಾಲಗಾಮೆ ರಸ್ತೆಯ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. 2005ರಲ್ಲಿ ಎರಡನೇ ಕೇಂದ್ರ ಕಟ್ಟಿದಾಗ ಅದನ್ನು ಪಕ್ಕದ ಊರಿನಲ್ಲಿ ಕಟ್ಟಲಿಲ್ಲ. ಭೋಪಾಲಿನಲ್ಲಿ ಕಟ್ಟಿದರು. ಇಲ್ಲಿನ ಮಳೆ, ಇಲ್ಲಿನ ಕರೆಂಟ್ ಅಲ್ಲಿಗೆ ತಟ್ಟುವುದಿಲ್ಲ.

ದಾರಿ ಬದಲಾದ ಮೇಲಿನ ಓಟದ ಲೆಕ್ಕವನ್ನೂ ಮೊದಲೇ ಹಾಕಿಡಬೇಕು. ಎಲ್‌ಟಿಒ-8 ಡ್ರೈವ್ ಸೆಕೆಂಡಿಗೆ 360 ಎಂಬಿವರೆಗೆ ಬರೆಯುತ್ತದೆ. 8 ಗಿಗಾಬಿಟ್‌ನ ಫೈಬರ್ ಪೋರ್ಟ್ ಹೆಚ್ಚೆಂದರೆ 800 ಎಂಬಿ ಸಾಗಿಸುತ್ತದೆ. ನಾಲ್ಕು ಡ್ರೈವ್‌ಗಳನ್ನು ಎರಡು ಪೋರ್ಟಿಗೆ ಹಂಚಿದರೆ ತಲಾ 720, ಆರಾಮ. ಒಂದು ಪೋರ್ಟ್ ಸತ್ತರೆ ನಾಲ್ಕೂ ಇನ್ನೊಂದರ ಮೇಲೆ ಬೀಳುತ್ತವೆ. 1,440 ಬೇಕು, ಇರುವುದು 800. ಒಂದೊಂದಕ್ಕೆ 200ರಷ್ಟು ಸಿಗುತ್ತದೆ. ಈಗಿನ ಡ್ರೈವ್‌ಗಳು ಬರುವ ಮಾಹಿತಿಗೆ ತಕ್ಕಂತೆ ಓಟ ತಗ್ಗಿಸಿಕೊಳ್ಳುತ್ತವೆ. ತೀರಾ ಕಡಿಮೆಯಾದರೆ ಮಾತ್ರ ಟೇಪ್ ನಿಂತು, ಹಿಂದಕ್ಕೆ ಬಂದು, ಮತ್ತೆ ಓಡಬೇಕಾಗುತ್ತದೆ. ಅದರಿಂದ ಟೇಪೂ ಸವೆಯುತ್ತದೆ, ಹೆಡ್ಡೂ ಸವೆಯುತ್ತದೆ. 200 ಸಿಕ್ಕರೆ ಆ ತೊಂದರೆ ಇಲ್ಲ. ಆದರೆ ಐದು ಗಂಟೆಯ ಕೆಲಸ ಒಂಬತ್ತು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಆಫೀಸು ತೆರೆದಾಗಲೂ ಬ್ಯಾಕಪ್ ಓಡುತ್ತಿದ್ದರೆ ಬೇಸರ ಬೇಡ. ಅದು ಓಡುತ್ತಿದೆ, ನಿಂತಿಲ್ಲ. ಯಾಕೆ ನಿಧಾನ ಎಂದು ಮಾತ್ರ ಅವತ್ತೇ ನೋಡಬೇಕು. ಫೇಲ್‌ಓವರ್ ಚೆನ್ನಾಗಿ ಕೆಲಸ ಮಾಡಿದರೆ ಒಂದು ದಾರಿ ಸತ್ತಿರುವುದು ಯಾರಿಗೂ ಗೊತ್ತಾಗುವುದೇ ಇಲ್ಲ. ತಿಂಗಳುಗಟ್ಟಲೆ ಒಂಟಿ ಕೇಬಲ್ ಮೇಲೆ ಓಡಿ, ಅದೂ ಹೋದ ದಿನ ಎಲ್ಲರೂ ಓಡಿಬರುತ್ತಾರೆ. ದಾರಿ ಕಡಿದರೆ ಮೆಸೇಜ್ ಬರುವ ಹಾಗೆ ಮಾಡಿಡದಿದ್ದರೆ ಎರಡನೇ ಕೇಬಲ್ ಇದ್ದೂ ಇಲ್ಲದ ಹಾಗೆ.

ಆ ಎಂಟು ಡ್ರೈವ್‌ನ ಕತೆ ಮುಗಿಸಲು ನಮಗೆ ಒಂದು ವಾರ ಹಿಡಿಯಿತು. ಸರಿಯಾದ ಡ್ರೈವರ್ ಹಾಕಿದೆವು, ಆಯ್ಕೆ ಆನ್ ಮಾಡಿದೆವು, ಸರ್ವರ್ ಮತ್ತೆ ನಾಲ್ಕೇ ಡ್ರೈವ್ ಎಣಿಸಿತು. ಶನಿವಾರ ಸಂಜೆ ಖಾಲಿ ಟೇಪ್ ಹಾಕಿ, ಬೇಡದ ಮಾಹಿತಿ ಬರೆಯಲು ಬಿಟ್ಟು, ಮೂರನೇ ಡ್ರೈವ್‌ನ ಮೊದಲ ಕೇಬಲ್ ಎಳೆದೆ.

ಡ್ರೈವ್‌ನ ಗುಂಯ್ ಸದ್ದು ನಿಂತಿತು. ಪರದೆಯ ಮೇಲಿನ ಸಂಖ್ಯೆ ಅಲ್ಲೇ ನಿಂತಿತು. ಹುಡುಗ ಉಸಿರು ಬಿಗಿಹಿಡಿದು ಕೂತಿದ್ದ. ಒಂದಷ್ಟು ಸೆಕೆಂಡ್ ಏನೂ ಇಲ್ಲ. ಆಮೇಲೆ ಗುಂಯ್ ಮತ್ತೆ ಶುರುವಾಯಿತು, ಸಂಖ್ಯೆ ಓಡತೊಡಗಿತು. ಬರೆದು ಮುಗಿದ ಮೇಲೆ ಟೇಪಿನಿಂದ ಕಡತ ವಾಪಸ್ ತೆಗೆದು, ಅದರ ಚೆಕ್‌ಸಮ್ (ಕಡತದಿಂದ ಲೆಕ್ಕ ಹಾಕಿ ತೆಗೆಯುವ ಗುರುತಿನ ಸಂಖ್ಯೆ) ಮೂಲದ ಚೆಕ್‌ಸಮ್ ಜೊತೆ ಅಕ್ಷರ ಅಕ್ಷರ ಹೋಲಿಸಿದೆವು. ಒಂದೇ ಇತ್ತು. ಬರೆದದ್ದನ್ನು ಓದಿ ನೋಡದೆ ಪರೀಕ್ಷೆ ಆಯಿತು ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ಕೇಬಲ್ ವಾಪಸ್ ಸಿಕ್ಕಿಸಿದೆ. ಕೆಲವು ಡ್ರೈವರ್‌ಗಳಲ್ಲಿ ಸತ್ತ ದಾರಿ ತಾನಾಗಿ ಎದ್ದು ಬರುವುದಿಲ್ಲ, ಕೈಯಾರೆ ಸೇರಿಸಬೇಕು. ಹಾಗೆ ಸೇರಿಸಿ, ಎರಡೂ ದಾರಿ ಜೀವಂತ ಎಂದು ನೋಡಿಕೊಂಡೆವು.

"ಅಣ್ಣ, ಈಗ ಇನ್ನೊಂದು ಕೇಬಲ್ ಎಳೀಲಾ?" ಅಂದ ಹುಡುಗ.

"ಮೊದಲು ಬರೆಯೋಕೆ ಬಿಡು, ಆಮೇಲೆ ಎಳಿ" ಅಂದೆ.